ಪುಕ್ಕಟೆ ಡೈರಿ ಇರುವಾಗ ಈ ಚರ್ಮದ ಪ್ಲಾನರ್ ಯಾಕೆ?

ಜನವರಿ ಬಂತೆಂದರೆ ನಮ್ಮ ಸಿಂಧನೂರಿನಲ್ಲಿ ಡೈರಿಗೆ ಬರ ಇಲ್ಲ. ಗೊಬ್ಬರದ ಅಂಗಡಿಯವರು ಕೊಡುತ್ತಾರೆ, ಬ್ಯಾಂಕಿನವರು ಕೊಡುತ್ತಾರೆ, ರೈಸ್ ಮಿಲ್ಲಿನವರು ಕ್ಯಾಲೆಂಡರ್ ಜೊತೆ ಸುತ್ತಿ ಕೊಡುತ್ತಾರೆ. ನಾನು ಮಿಲ್ಲು, ಅಂಗಡಿಗಳ ಲೆಕ್ಕ ನೋಡಿ ಜಿಎಸ್‌ಟಿ ತುಂಬುವವಳು. ಬಿಡುವಾದಾಗ ಪತ್ರಿಕೆಗಳಿಗೆ ಪ್ರಬಂಧ ಬರೆಯುತ್ತೇನೆ. ಮೇಜಿನ ಮೇಲೆ ಅಷ್ಟು ಡೈರಿ ಬಿದ್ದಿದ್ದರೂ ನನ್ನ ಕೈಯಲ್ಲಿರುವುದು ರಿಂಗ್ ಹಾಕಿದ, ಹಾಳೆಗಳನ್ನು ಬೇಕಾದಾಗ ತೆಗೆದು ಹಾಕಬಹುದಾದ ಚರ್ಮದ ಪ್ಲಾನರ್. ಹಾಗಾಗಿ ಗಂಜ್‌ಗೆ (ಧಾನ್ಯದ ಮಾರುಕಟ್ಟೆಗೆ) ಹೋದಾಗಲೆಲ್ಲ ಒಬ್ಬರಲ್ಲ ಒಬ್ಬರು ಕೇಳಿಯೇ ಕೇಳುತ್ತಾರೆ: "ಅಲ್ರೀ ಮೇಡಂ, ನಾವು ಪುಕ್ಕಟೆ ಡೈರಿ ಕೊಡ್ತೀವಿ. ಅದನ್ನ ಬಿಟ್ಟು ಖಾಲಿ ಚರ್ಮಕ್ಕ ಯಾಕ ರೊಕ್ಕ ಹಾಕೀರಿ?"

ರೊಕ್ಕ ಹಾಕಿದ್ದು ರಿಂಗಿಗೆ. ಚರ್ಮದ ಮಾತು ಆಮೇಲೆ.

ಅಚ್ಚಾದ ಡೈರಿಯಲ್ಲಿ ವರ್ಷ ಜನವರಿ 1ಕ್ಕೆ ಶುರುವಾಗುತ್ತದೆ. ನಮ್ಮ ಕಡೆ ಯಾರ ವರ್ಷ ಅವತ್ತು ಶುರುವಾಗುತ್ತದೆ ಹೇಳಿ? ನನ್ನ ಲೆಕ್ಕದ ವರ್ಷ ಏಪ್ರಿಲ್ 1ಕ್ಕೆ. ಮನೆಯ ವರ್ಷ ಯುಗಾದಿಗೆ. ಹಳೆಯ ಸಾವ್ಕಾರರ ಖಾತೆ ಪುಸ್ತಕದ ವರ್ಷ ದೀಪಾವಳಿಗೆ. ಇನ್ನು ಭತ್ತದ ರೈತರ ವರ್ಷ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ದಿನ. ಅದು ಯಾವ ದಿನ ಅಂತ ಯಾವ ಡೈರಿಯಲ್ಲೂ ಅಚ್ಚಾಗಿರುವುದಿಲ್ಲ. ಡ್ಯಾಂಗೆ ಒಳಹರಿವು ನೋಡಿ, ನೀರಾವರಿ ಸಲಹಾ ಸಮಿತಿ ಕೂತು ಹೇಳಬೇಕು. ನೀರು ಹದಿನೈದು ದಿನ ತಡವಾದರೆ ನಾಟಿ ತಡ, ಕೊಯ್ಲು ತಡ, ಮಿಲ್ಲಿಗೆ ಭತ್ತ ತಡ, ನನ್ನ ಕೈಗೆ ಬರುವ ಬಿಲ್ಲುಗಳೂ ತಡ.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟ್ ಕಿತ್ತುಕೊಂಡು ಹೋಯಿತಲ್ಲ, ಆ ವಾರ ಈ ಕಡೆ ಯಾರ ಲೆಕ್ಕಾಚಾರವೂ ನೆಟ್ಟಗಿರಲಿಲ್ಲ. ಎರಡನೇ ಬೆಳೆಗೆ ನೀರು ಸಿಗುತ್ತದೋ ಇಲ್ಲವೋ ಅಂತ ಎಲ್ಲರೂ ಕೂತಿದ್ದರು. ಹೊಲಿಗೆ ಹಾಕಿದ ಡೈರಿಯಾಗಿದ್ದರೆ ಮುಂದಿನ ತಿಂಗಳುಗಳಲ್ಲಿ ಬರೆದದ್ದನ್ನೆಲ್ಲ ಹೊಡೆದು ಹಾಕಿ ಮತ್ತೆ ಬರೆಯಬೇಕಿತ್ತು. ನಾನು ರಿಂಗ್ ಬಿಚ್ಚಿ, ಆ ಹಾಳೆಗಳನ್ನು ತೆಗೆದು ಕೊನೆಯಲ್ಲಿ ಇಟ್ಟೆ. ಸುದ್ದಿ ಖಾತ್ರಿಯಾದ ಮೇಲೆ ಬೇಕಾದಲ್ಲಿ ಸೇರಿಸಿದೆ. ಅಷ್ಟೇ ಕೆಲಸ.

ದಿನದ ಬಳಕೆ ತೀರಾ ಸರಳ. ಪ್ರತಿ ಪಾರ್ಟಿಗೆ, ಅಂದರೆ ನಾನು ಲೆಕ್ಕ ನೋಡುವ ಪ್ರತಿ ಮಿಲ್ಲು, ಅಂಗಡಿಗೆ, ಒಂದು ಹಾಳೆ. ಯಾವ ಬಿಲ್ಲು ಬಂದಿದೆ, ಯಾವುದು ಬಾಕಿ, ಯಾರಿಗೆ ಫೋನ್ ಮಾಡಬೇಕು, ಎಲ್ಲ ಅದರಲ್ಲೇ. ತಿಂಗಳಿಗೊಮ್ಮೆ ತುಂಬುವವರಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ಮುಂದಿನ ತಿಂಗಳ 11ರೊಳಗೆ, ತೆರಿಗೆ ಕಟ್ಟುವ 3ಬಿ 20ರೊಳಗೆ. ಕೆಲಸ ಮುಗಿದ ಪಾರ್ಟಿಯ ಹಾಳೆ ಹಿಂದೆ ಹೋಗುತ್ತದೆ, ಬಾಕಿ ಇದ್ದವರು ಮುಂದೆ ಉಳಿಯುತ್ತಾರೆ. 18ನೇ ತಾರೀಖು ಪ್ಲಾನರ್ ತೆರೆದರೆ ಮೊದಲು ಕಾಣುವುದು ಬಿಲ್ಲು ಕೊಡದೆ ಸತಾಯಿಸುವವರ ಹೆಸರುಗಳೇ. (ಅವರೇ ಪುಕ್ಕಟೆ ಡೈರಿ ಕೊಡುವುದರಲ್ಲಿ ಮುಂದು. ಇರಲಿ.)

"ಮೊಬೈಲ್‌ನಾಗ ಆಗೂದಿಲ್ಲೇನ್ರಿ?" ಅಂತಾನೂ ಕೇಳುತ್ತಾರೆ. ಆಗುತ್ತದೆ. ಕೊನೆ ತಾರೀಖಿನ ಅಲಾರಂ ನಾನೂ ಮೊಬೈಲ್‌ನಲ್ಲೇ ಇಡುತ್ತೇನೆ. ಆದರೆ ಮೊಬೈಲ್ ತೆಗೆದರೆ ವಾಟ್ಸಾಪ್ ತೆರೆಯುತ್ತದೆ. ವಾಟ್ಸಾಪ್ ತೆರೆದ ಮೇಲೆ ಯಾಕೆ ತೆಗೆದೆ ಅನ್ನುವುದೇ ಮರೆತುಹೋಗುತ್ತದೆ, ಅಲ್ವಾ?

ಪ್ರಬಂಧ ಬರೆಯುವುದಕ್ಕಂತೂ ಇದು ಇನ್ನೂ ಜಾಸ್ತಿ ಒಗ್ಗಿದೆ. ಹಾಳೆಯ ಒಂದೇ ಮಗ್ಗುಲಿಗೆ ಬರೆಯುತ್ತೇನೆ, ಒಂದು ಹಾಳೆಗೆ ಒಂದೇ ವಿಷಯ. ನಾಲ್ಕನೇ ಹಾಳೆಯಲ್ಲಿ ಬಂದದ್ದೇ ಮೊದಲು ಬರಬೇಕಿತ್ತು ಅನ್ನಿಸಿದರೆ ಅದನ್ನು ತೆಗೆದು ಮುಂದೆ ಹಾಕುತ್ತೇನೆ. ಕೆಲವೊಮ್ಮೆ ಎಲ್ಲ ಹಾಳೆ ಬಿಚ್ಚಿ ನೆಲದ ಮೇಲೆ ಹರಡಿಕೊಂಡು ಕೂರುತ್ತೇನೆ. ಎಲ್ಲೂ ಹೊಂದದ ಹಾಳೆ ಒಂದೆರಡು ಇದ್ದೇ ಇರುತ್ತದೆ. ಅದನ್ನು ಹರಿಯುವುದಿಲ್ಲ, ಹಿಂದಿನ ಭಾಗಕ್ಕೆ ಸೇರಿಸಿಬಿಡುತ್ತೇನೆ. ಮುಂದಿನ ಬರಹ ಎಷ್ಟೋ ಸಲ ಅಲ್ಲಿಂದಲೇ ಹುಟ್ಟಿದೆ.

ಈ ಬಗೆಯ ಪುಸ್ತಕ ಹೊಸದೇನಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎಂಜಿನಿಯರುಗಳಿಗಾಗಿ ಲೆಫ್ಯಾಕ್ಸ್ ಅಂತ ಬಿಡಿ ಹಾಳೆಗಳ ಪುಸ್ತಕ ಬಂದಿತ್ತು. ಅದನ್ನು ನೋಡಿ ಲಂಡನ್ನಿನ ಒಂದು ಕಂಪನಿ 1921ರಲ್ಲಿ ಫೈಲೋಫ್ಯಾಕ್ಸ್ ಶುರು ಮಾಡಿತು. ಅಲ್ಲಿ ಗ್ರೇಸ್ ಸ್ಕರ್ ಅನ್ನುವ ಹೆಣ್ಣುಮಗಳು ಕೆಲಸಕ್ಕಿದ್ದರು. ಎರಡನೇ ಮಹಾಯುದ್ಧದಲ್ಲಿ ಬಾಂಬ್ ಬಿದ್ದು ಕಚೇರಿ ನಾಶವಾಯಿತು. ಗಿರಾಕಿಗಳ, ಮಾಲು ಕೊಡುವವರ ವಿವರವೆಲ್ಲ ಆಕೆಯ ಸ್ವಂತ ಫೈಲೋಫ್ಯಾಕ್ಸ್‌ನಲ್ಲಿ ಇದ್ದದ್ದರಿಂದ ಕಂಪನಿ ಮತ್ತೆ ನಿಂತಿತು. ಲೆಕ್ಕ ಬರೆಯುವವಳಾಗಿ ನನಗೆ ಈ ಕಥೆ ಬಹಳ ಇಷ್ಟ.

ಇನ್ನು ಕೊಳ್ಳುವವರಿಗೆ. ಅಳತೆ ಎ5 ಇರಲಿ. ಪರ್ಸನಲ್ ಅಂತ ಬರುವುದು ನೋಡಲು ಚೆಂದ, ಆದರೆ ಅದರ ಹಾಳೆ 95 ಮಿ.ಮೀ ಅಗಲ, 171 ಮಿ.ಮೀ ಉದ್ದ. ಆ ಹಾಳೆ ನಮ್ಮೂರಲ್ಲಿ ಎಲ್ಲಿ ಸಿಗಬೇಕು? ಎ5 ಅಂದರೆ ಎ4 ಹಾಳೆಯ ಸರಿಯಾಗಿ ಅರ್ಧ. ಝೆರಾಕ್ಸ್ ಅಂಗಡಿಯಲ್ಲಿ ಎ4 ಕೊಂಡು ಅಲ್ಲೇ ಕತ್ತರಿಸಿಕೊಳ್ಳಬಹುದು. ಇಂಕ್ ಪೆನ್ ಬಳಸುವವರು 70 ಜಿಎಸ್‌ಎಂ (ಹಾಳೆಯ ತೂಕದ ಅಳತೆ) ಬಿಟ್ಟು 100 ತಗೊಳ್ಳಿ, ಇಲ್ಲದಿದ್ದರೆ ಹಿಂದಿನ ಮಗ್ಗುಲಿಗೆ ಶಾಯಿ ಇಳಿಯುತ್ತದೆ.

ತೂತಿನದೇ ತಲೆನೋವು. ಆಫೀಸಿನ ಪಂಚ್ ಹೊಡೆಯುವುದು ಎರಡು ತೂತು, ನಡುವೆ 80 ಮಿ.ಮೀ. ಪ್ಲಾನರಿಗೆ ಬೇಕಾದದ್ದು ಆರು, ಮೇಲೆ ಮೂರು ಕೆಳಗೆ ಮೂರು, ಪ್ರತಿ ಮೂರರಲ್ಲಿ ಪಕ್ಕಪಕ್ಕದ ತೂತುಗಳ ನಡುವೆ 19 ಮಿ.ಮೀ ಅಂತರ. ಆರು ತೂತಿನ ಪಂಚ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಅಗ್ಗವಲ್ಲ. ಪ್ಲಾನರ್ ಜೊತೆ ಬಂದ ಒಂದು ಹಾಳೆಯನ್ನು ರಟ್ಟಿನ ಮೇಲಿಟ್ಟು ಗುರುತು ಮಾಡಿಕೊಂಡರೆ ಒಂದೇ ತೂತಿನ ಪಂಚ್ ಸಾಕು. ನಾಲ್ಕೈದು ಹಾಳೆ ಸೇರಿಸಿ ಹೊಡೆಯಿರಿ, ಸಾಲಾಗಿ ಬರುತ್ತವೆ. ರಿಂಗ್ ತೆರೆಯುವಾಗ ಎರಡು ತುದಿಯ ಲಿವರ್‌ಗಳನ್ನು ಒತ್ತಿ. ಕೈಯಿಂದ ಎಳೆದರೆ ರಿಂಗ್‌ಗಳ ಬಾಯಿ ಸರಿಯಾಗಿ ಕೂಡುವುದಿಲ್ಲ, ಆಮೇಲೆ ಪುಟ ತಿರುಗಿಸಿದಾಗಲೆಲ್ಲ ಹಾಳೆ ಹರಿಯುತ್ತದೆ. ಎಡಮಗ್ಗುಲ ಪುಟದಲ್ಲಿ ಬರೆಯುವಾಗ ರಿಂಗ್ ಕೈಗೆ ಒತ್ತುತ್ತದೆ, ಅದು ನಿಜ. ಹಾಳೆ ಹೊರಗೆ ತೆಗೆದು ಬರೆದು ಮತ್ತೆ ಹಾಕಿ.

ಈಗ ಚರ್ಮ. ಇಲ್ಲಿಯ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಬಿಸಿಲಿಗೆ ರೆಕ್ಸಿನ್ ಪದರ ಪದರವಾಗಿ ಏಳುತ್ತದೆ, ಎದ್ದರೆ ಮುಗಿಯಿತು. ಚರ್ಮ ಒಣಗಿದರೂ ಬಣ್ಣವಿಲ್ಲದ ಶೂ ಕ್ರೀಮ್ ತೆಳುವಾಗಿ ಸವರಿದರೆ ಮೆತ್ತಗಾಗುತ್ತದೆ. ಕೊಬ್ಬರಿ ಎಣ್ಣೆ ಬೇಡ, ಕಲೆ ಉಳಿಯುತ್ತದೆ, ವಾಸನೆಯೂ ಬರುತ್ತದೆ. ಮಳೆಗಾಲದಲ್ಲಿ ಬೂಸು ಹಿಡಿದರೆ ಒಣ ಬಟ್ಟೆಯಲ್ಲಿ ಒರೆಸಿ ಗಾಳಿಗಿಡಿ. ನನ್ನದರ ಪಟ್ಟಿ ಕಿತ್ತಾಗ ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವವರು ಕೂಡಲೇ ಹೊಲಿದು ಕೊಟ್ಟರು.

ಒಂದು ತೊಡಕಿದೆ. ದೀಪಾವಳಿಯ ಲಕ್ಷ್ಮೀ ಪೂಜೆಗೆ ಲೆಕ್ಕದ ಪುಸ್ತಕ ಇಡಬೇಕು, ದೇವರ ಮುಂದೆ ಚರ್ಮ ಇಡಲು ನಮ್ಮತ್ತೆ ಒಪ್ಪುವುದಿಲ್ಲ. ನಾನು ಹಾಳೆಗಳನ್ನಷ್ಟೇ ಬಿಚ್ಚಿ ದಾರ ಕಟ್ಟಿ ಒಳಗಿಡುತ್ತೇನೆ. ಅರಿಶಿನ ಕುಂಕುಮ ಹಾಳೆಗಾಯಿತು, ಚರ್ಮ ಹೊರಗೇ ಉಳಿಯಿತು. ಅತ್ತೆಗೂ ಸಮಾಧಾನ.

ಮೊದಲೇ ಸಾವಿರಾರು ರೂಪಾಯಿ ಹಾಕಬೇಡಿ. ಅಗ್ಗದ ರೆಕ್ಸಿನ್ ಎ5 ಪ್ಲಾನರ್ ತಂದು ಮೂರು ತಿಂಗಳು ಬಳಸಿ ನೋಡಿ. ಅಷ್ಟರಲ್ಲಿ ಒಂದು ಹಾಳೆಯನ್ನೂ ಜಾಗ ಬದಲಿಸಿಲ್ಲ ಅಂದರೆ ನಿಮಗೆ ಇದು ಬೇಕಿಲ್ಲ. ನನ್ನ ಮೇಜಿನ ಮೇಲಿರುವ ಡೈರಿಗಳಲ್ಲಿ ಒಂದನ್ನು ಬಂದು ತಗೊಂಡು ಹೋಗಿ.