ಚಿನ್ನ ಬಂತು, ಸಿಂಗಲ್ಸ್ ಬರಿಗೈ

ಮಂಗಳೂರು, 30 ಸೆಪ್ಟೆಂಬರ್ 2023, ಶನಿವಾರ

ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಟೆನಿಸ್ ಮಿಶ್ರ ಡಬಲ್ಸ್‌ನಲ್ಲಿ ರೋಹನ್ ಬೋಪಣ್ಣ ಮತ್ತು ಋತುಜಾ ಭೋಸಲೆ ಇಂದು ಚಿನ್ನ ಗೆದ್ದರು. ಚೈನೀಸ್ ತೈಪೆಯ ಜೋಡಿಗೆ ಮೊದಲ ಸೆಟ್ಟನ್ನು 2-6ರಿಂದ ಬಿಟ್ಟುಕೊಟ್ಟಾಗ ನನಗೆ ಕುಳಿತಲ್ಲಿ ಕುಳಿತಿರಲಾಗಲಿಲ್ಲ. ಎರಡನೆಯದನ್ನು 6-3ರಿಂದ ಗೆದ್ದು, ಮೂರನೇ ಸೆಟ್ಟಿನ ಬದಲು ಆಡಿಸುವ ಟೈಬ್ರೇಕರನ್ನು 10-4ರಿಂದ ಮುಗಿಸಿದಾಗ, ಸಂಪಾಜೆ ಘಾಟಿ ಹತ್ತಿದರೆ ಸಿಗುವ ಕೊಡಗಿನ ಈ 43ರ ಆಟಗಾರ ನಮ್ಮವರೆಂಬ ಹೆಮ್ಮೆ ಉಕ್ಕಿ ಬಂತು.

ಸಂಜೆ ಅಕ್ಕನ ಮಗಳು ಬಂದಳು. ಮಳೆಗೆ ಅಂಗಣ ಒದ್ದೆಯಾಗಿ, ಚೆಂಡು ನೀರು ಹೀರಿ ಭಾರವಾಗಿ ಪುಟಿಯದಿದ್ದುದರಿಂದ ಅಭ್ಯಾಸ ನಿಲ್ಲಿಸಿದ್ದರಂತೆ. ಚಿನ್ನದ ಸುದ್ದಿಗೆ ಕುಣಿದವಳು ಮರುಕ್ಷಣವೇ ಕೇಳಿದಳು: “ಮಾವ, ಸಿಂಗಲ್ಸಲ್ಲಿ ನಮ್ಮವರಿಗೆ ಒಂದು ಕಂಚು ಕೂಡ ಇಲ್ಲ ಅಲ್ವಾ?” ಅವಳು ಆಡುವುದು ಸಿಂಗಲ್ಸ್.

ಈ ಕೂಟದಲ್ಲಿ ಸೆಮಿಫೈನಲ್ ತಲುಪಿದರೆ ಸೋತರೂ ಕಂಚು ಖಚಿತ. ಕ್ವಾರ್ಟರ್ ಫೈನಲ್‌ನಲ್ಲಿ ಸುಮಿತ್ ನಾಗಲ್ ಆತಿಥೇಯ ಚೀನಾದ ಜಾಂಗ್ ಜಿಝೆನ್ ವಿರುದ್ಧ ಮೊದಲ ಸೆಟ್ ಗೆದ್ದು, ಮುಂದಿನವನ್ನು 1-6, 2-6ರಿಂದ ಸೋತರು. ಅಂಕಿತಾ ರೈನಾ ಕೂಡ ಜಪಾನಿನ ಹರುಕಾ ಕಾಜಿ ಎದುರು 6-3ರ ಮುನ್ನಡೆಯನ್ನು ಉಳಿಸಿಕೊಳ್ಳಲಾಗದೆ 4-6, 4-6ರಿಂದ ಮಣಿದರು.

“ಇನ್ನೊಂದೇ ಒಂದು ಸೆಟ್ ಸಾಕಿತ್ತು ಮಾರಾಯ್ತಿ” ಎಂದೆ.

“ಒಂದು ಸೆಟ್ ಗೆದ್ದ ಮೇಲೆ ಎಂಥ ಆಗ್ತದೆ ಅವರಿಗೆ?”

ಜಾಂಗ್ ವಿಶ್ವದ ಮೊದಲ ನೂರರೊಳಗಿನವರು, ನಾಗಲ್ ಅದರ ಹೊರಗಿದ್ದಾರೆ. ವಾರವಾರವೂ ದೊಡ್ಡ ಟೂರ್ನಿಗಳಲ್ಲಿ ಬಲಿಷ್ಠರೊಡನೆ ಆಡುವವರಿಗೆ ಎರಡನೇ ಸೆಟ್ಟಿನಲ್ಲಿ ಆಟ ಬದಲಿಸುವುದು ರೂಢಿಯಾಗಿರುತ್ತದೆ ಎಂದು ವಿವರಿಸಿದೆ. ಅವಳು ತಲೆಯಾಡಿಸಿದಳು, ಒಪ್ಪಿದಂತೆ ಕಾಣಲಿಲ್ಲ.

ನನಗೂ ಸಮಾಧಾನವಿಲ್ಲ. ಪುರುಷರ ಡಬಲ್ಸ್‌ನಲ್ಲಿ ಸಾಕೇತ್ ಮೈನೇನಿ ಮತ್ತು ರಾಮ್‌ಕುಮಾರ್ ರಾಮನಾಥನ್ ನಿನ್ನೆ ಗೆದ್ದ ಬೆಳ್ಳಿ ಸೇರಿ ಟೆನಿಸ್ ತಂಡಕ್ಕೆ ಒಟ್ಟು 2 ಪದಕ. 2014ರಲ್ಲಿ 5, 2018ರಲ್ಲಿ 3 ಬಂದಿದ್ದವು. 2010ರಲ್ಲಿ ಗುವಾಂಗ್‌ಝೌನಲ್ಲಿ ಸೋಮದೇವ್ ದೇವವರ್ಮನ್ ಸಿಂಗಲ್ಸ್ ಚಿನ್ನವನ್ನೇ ಗೆದ್ದಿದ್ದರು, ಎಂಥ ಆಟ ಅದು! ಡಬಲ್ಸ್‌ನ ಅನುಭವಿಗಳು ಮರ್ಯಾದೆ ಉಳಿಸುತ್ತಿರುವವರೆಗೆ ಸಿಂಗಲ್ಸ್‌ನ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲವೆಂಬುದೇ ನನ್ನ ಚಿಂತೆ.

2026ರ ಐಚಿ-ನಗೋಯಾ ಕೂಟದ ಹೊತ್ತಿಗೆ ಬೋಪಣ್ಣನವರಿಗೆ 46 ತುಂಬಿರುತ್ತದೆ, ಇವಳಿಗೆ ಹದಿನೇಳು. ಈಗಿನಿಂದಲೇ ಹೊರಗಿನ ಟೂರ್ನಿಗಳಿಗೆ ಕಳುಹಿಸಬೇಕೆಂದರೆ ಶಾಲೆ, ರೈಲು, ಉಳಿಯುವ ಖರ್ಚು, ಜೊತೆಗೆ ಹೋಗಲು ಒಬ್ಬರು. ಅಕ್ಕನ ಬಳಿ ಈ ಮಾತೆತ್ತಿದರೆ ಭಾವ ಏನೆನ್ನುವರೋ, ನವರಾತ್ರಿ ರಜೆಯಲ್ಲಾದರೂ ಒಮ್ಮೆ ಬೆಂಗಳೂರಿಗೆ ನಾನೇ ಕರೆದುಕೊಂಡು ಹೋದರೆ…