ಗಾಳಿ-ಮಳೆ ನೋಡಿ ಹೇಳೋಕೆ ಊರಿಗೆ ಇಬ್ಬರಾದರೂ ಬೇಕು

ಏಪ್ರಿಲ್ ಬಂತು ಅಂದ್ರೆ ನಮ್ಮ ತೀರ್ಥಹಳ್ಳಿ, ಹೊಸನಗರ ಕಡೆ ಮಧ್ಯಾಹ್ನದ ಮೇಲೆ ಎಲ್ಲರ ಕಣ್ಣೂ ಮೋಡದ ಮೇಲೆ. ಸ್ವಲ್ಪ ಹೊತ್ತಿನ ಗಾಳಿಗೆ ತೋಟದ ಅಡಿಕೆ ಮರಗಳು ಸಾಲಾಗಿ ಮುರಿದು ಬೀಳುತ್ತವೆ, ಪಕ್ಕದ ಊರಲ್ಲಿ ಒಂದು ಹನಿಯೂ ಇರುವುದಿಲ್ಲ. ಇಷ್ಟು ಸಣ್ಣ ಜಾಗದಲ್ಲಿ ನೆಲದ ಹತ್ತಿರ ಏನಾಗುತ್ತಿದೆ ಅಂತ ರಾಡಾರ್‌ಗೆ ಸರಿಯಾಗಿ ಕಾಣುವುದಿಲ್ಲ. ಕಿರಣವನ್ನು ಸ್ವಲ್ಪ ಮೇಲ್ಮುಖವಾಗಿಯೇ ಬಿಡುವುದರಿಂದ, ಜೊತೆಗೆ ಭೂಮಿ ಗುಂಡಗಿರುವುದರಿಂದ, ಅದು ದೂರ ಹೋದಷ್ಟೂ ನೆಲದಿಂದ ಮೇಲಾಗುತ್ತದೆ, 100 ಕಿ.ಮೀ. ಆಚೆ ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿರುತ್ತದೆ. ನಮ್ಮಲ್ಲಿ ಘಟ್ಟದ ಅಡ್ಡ ಬೇರೆ.

ಅಮೆರಿಕದ ಹವಾಮಾನ ಇಲಾಖೆ 1970ರ ದಶಕದಿಂದಲೂ ಸ್ಕೈವಾರ್ನ್ ಅನ್ನುವ ಹೆಸರಲ್ಲಿ ಗಾಳಿ-ಮಳೆ ನೋಡಿ ವರದಿ ಮಾಡುವುದನ್ನು ಊರವರಿಗೇ ಕಲಿಸುತ್ತಿದೆ. ಸುಮಾರು ಎರಡು ಗಂಟೆಯ ಪಾಠ, ದುಡ್ಡು ಕೊಡಬೇಕಿಲ್ಲ. ಅದನ್ನು ನೋಡಿಯೇ ನಾವು ಕೆಲವರು ಊರಲ್ಲಿ ತರಬೇತಿ ಶುರು ಮಾಡಿದ್ದು.

ಮೊದಲು ಒಂದು ಫೋಟೋ ತೋರಿಸಿ, ಕಂಟ್ರೋಲ್ ರೂಮಿಗೆ ಏನು ಹೇಳುತ್ತೀರಿ ಬರೆಯಿರಿ ಅನ್ನುತ್ತೇವೆ. ‘ಭಯಂಕರ ಗಾಳಿ, ಎಲ್ಲಾ ಹೋಯ್ತು, ಬೇಗ ಬನ್ನಿ’ ಅಂತ ಬರೆಯುವವರೇ ಜಾಸ್ತಿ. ಇದನ್ನು ಓದಿದವರಿಗೆ ಎಲ್ಲಿಗೆ ಬರಬೇಕು, ಗರಗಸ ತರಬೇಕಾ, ಆಂಬುಲೆನ್ಸಾ, ಏನೂ ಗೊತ್ತಾಗುವುದಿಲ್ಲ. ಮತ್ತೆ ಬರೆಸುತ್ತೇವೆ. ಕೊನೆಗೆ ಒಬ್ಬ ಹುಡುಗ ಬರೆದ: ‘ಮಧ್ಯಾಹ್ನ 3.40. ಕೆಳಕೇರಿ ಶಾಲೆ ಹತ್ತಿರ ಹಲಸಿನ ಮರ ಬುಡಸಮೇತ ಬಿದ್ದಿದೆ. ಕರೆಂಟ್ ತಂತಿ ರಸ್ತೆ ಮೇಲಿದೆ. ಯಾರಿಗೂ ಪೆಟ್ಟಾಗಿಲ್ಲ. ನಾನೇ ನೋಡಿದ್ದು.’ ಇಷ್ಟು ಸಾಕು. ಆ ಕೊನೇ ಎರಡು ಪದ ನನಗೆ ತುಂಬಾ ಮುಖ್ಯ, ಯಾಕಂದ್ರೆ ವಾಟ್ಸ್ಯಾಪಲ್ಲಿ ಹೋದ ವರ್ಷದ ಫೋಟೋ ಈ ವರ್ಷದ ಮಳೆಗೆ ಓಡಾಡುತ್ತಿರುತ್ತದೆ.

ಆಲಿಕಲ್ಲು ಬಿದ್ದರೆ ಸ್ಕೇಲ್ ಪಕ್ಕ ಇಟ್ಟು ಅಳೆಯಿರಿ. ಅಮೆರಿಕದಲ್ಲಿ 1 ಇಂಚು ಅಥವಾ ಅದಕ್ಕಿಂತ ದೊಡ್ಡ ಕಲ್ಲು, ಇಲ್ಲವೇ ಗಂಟೆಗೆ ಸುಮಾರು 93 ಕಿ.ಮೀ. ಗಾಳಿ ಇದ್ದರೆ ತೀವ್ರ ಅಂತ ಲೆಕ್ಕ. ಗಾಳಿ ಅಳೆಯುವ ಯಂತ್ರ ನಮ್ಮಲ್ಲಿ ಯಾರ ಮನೆಯಲ್ಲಿದೆ? ಮರ ನೋಡಬೇಕು. ಸಣ್ಣ ರೆಂಬೆ ಮುರಿದಿದೆಯೋ, ಗಟ್ಟಿ ಮರವೇ ಬುಡ ಕಿತ್ತಿದೆಯೋ ಅಂತ ಹೇಳಿದರೆ ವೇಗ ಅಂದಾಜಾಗುತ್ತದೆ.

ತರಬೇತಿಗೆ ಬಂದ ವಯಸ್ಸಾದ ಅಮ್ಮ ಒಬ್ಬರು, ‘ಸೆಕೆ ಒಮ್ಮೆಲೇ ಹೋಗಿ ತಣ್ಣನೆ ಗಾಳಿ ನುಗ್ಗಿದ್ರೆ ನಾನು ಅಂಗಳದ ಅಡಿಕೆ ಬಿಟ್ಟು ಒಳಗೆ ಹೋಗ್ತೀನಪ್ಪ’ ಅಂದರು. ನಾನು ಕಲಿಸಬೇಕೆಂದಿದ್ದ ಪಾಠವೇ ಅದು. ಮಳೆಯಿಂದ ತಣ್ಣಗಾದ ಗಾಳಿ ಭಾರವಾಗಿ ಕೆಳಗೆ ಬಿದ್ದು, ನೆಲದ ಮೇಲೆ ಹರಡಿಕೊಂಡು ಮಳೆಗಿಂತ ಮುಂಚೆಯೇ ನಮ್ಮನ್ನು ಮುಟ್ಟುತ್ತದೆ. ಇಂಥ ಅನುಭವಸ್ಥರನ್ನು ಬಿಟ್ಟು ಬರೀ ಹುಡುಗರನ್ನು ಸೇರಿಸಿದರೆ ಪ್ರಯೋಜನವಿಲ್ಲ.

ನಮ್ಮ ಕಡೆ ಇನ್ನೊಂದು ತೊಂದರೆ ಇದೆ. ತೋಟದೊಳಗೆ ನಿಂತರೆ ಆಕಾಶ ಕಾಣುವುದಿಲ್ಲ, ಗುಡ್ಡ ಹತ್ತಿದರೆ ಸಿಡಿಲಿನ ಭಯ, ಗದ್ದೆ ಬಯಲಲ್ಲಿ ನಿಂತರೆ ನಾವೇ ಎತ್ತರ. ಹಾಗಾಗಿ ಬಯಲಿಗೆ ಮುಖ ಮಾಡಿದ ಗಟ್ಟಿ ಕಟ್ಟಡ ಹುಡುಕಿ, ಒಳಗೆ ಕಿಟಕಿಯಿಂದ ದೂರ ನಿಂತು ನೋಡಿ ಅನ್ನುತ್ತೇವೆ. ಗುಡುಗು ಕೇಳಿಸಿತು ಅಂದ್ರೆ ಸಿಡಿಲು ನಿಮಗೂ ತಲುಪುವಷ್ಟು ಹತ್ತಿರವಿದೆ. ಕೊನೇ ಗುಡುಗಾಗಿ 30 ನಿಮಿಷ ಹೊರಗೆ ಬರಬೇಡಿ. ಅಡಿಕೆ ಕೊಯ್ಯುವ ಉದ್ದನೆಯ ಕಾರ್ಬನ್ ಫೈಬರ್ ದೋಟಿಯಲ್ಲಿ ಕರೆಂಟ್ ಹರಿಯುತ್ತದೆ, ಮೋಡ ಕಟ್ಟಿದ ಕೂಡಲೇ ಅದನ್ನು ಕೆಳಗಿಡಿ. ವರದಿ ತಡವಾದರೂ ಪರವಾಗಿಲ್ಲ, ಜೀವ ಮೊದಲು.

ಮೊಬೈಲಲ್ಲಿ ದಾಮಿನಿ ಆ್ಯಪ್ ಹಾಕಿಕೊಳ್ಳಿ, ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವರು ಮಾಡಿದ್ದು, ಸುತ್ತಮುತ್ತಲ ಸಿಡಿಲು ತೋರಿಸುತ್ತದೆ. ಜಿಲ್ಲಾ ಕಂಟ್ರೋಲ್ ರೂಮಿಗೆ 1077, ತಂತಿ ಬಿದ್ದರೆ 1912. ಈ ನಂಬರ್‌ಗಳನ್ನು ಕಾಗದದಲ್ಲೂ ಬರೆದು ಗೋಡೆಗೆ ಅಂಟಿಸಿ. ಕರೆಂಟ್ ಹೋದ ಮೇಲೆ ನಮ್ಮಲ್ಲಿ ಟವರೂ ಹೆಚ್ಚು ಹೊತ್ತು ಇರುವುದಿಲ್ಲ ಅಲ್ವಾ, ಆಗ ಯಾರು ಬೈಕಲ್ಲಿ ಎಲ್ಲಿವರೆಗೆ ಹೋಗಿ ಫೋನ್ ಮಾಡಬೇಕು ಅಂತ ಮಳೆ ಶುರುವಾಗುವ ಮುಂಚೆಯೇ ತೀರ್ಮಾನವಾಗಿರಬೇಕು.