ಹಲ್ಲಿನ ಡಾಕ್ಟರ್‌ಗೆ ಸೊಲ್ಲಾಪುರಕ್ಕೆ ಯಾಕೆ ಹೋಗಬೇಕು?

ಕಲಬುರಗಿಯವರಿಗೆ ಒಂದು ಚಟ ಇದೆ. ಯಾವ ಕಾಯಿಲೆ ಬಂದರೂ "ಸೊಲ್ಲಾಪುರಕ್ಕ ಹೋಗೋಣೇನು, ಹೈದ್ರಾಬಾದಿಗ ಹೋಗೋಣೇನು" ಅಂತಲೇ ಮಾತು ಶುರು. ಹಾರ್ಟು, ಕಿಡ್ನಿ ಅಂದರೆ ಒಪ್ಪೋಣ. ಹಲ್ಲಿಗೂ ರೈಲು ಹತ್ತುವವರಿದ್ದಾರಲ್ಲ, ಅವರನ್ನ ಕಂಡರೆ ಪಾಪ ಅನಿಸುತ್ತದೆ. ರೂಟ್ ಕೆನಾಲ್ (ಹಲ್ಲಿನೊಳಗಿನ ಕೆಟ್ಟ ನರ ತೆಗೆದು ತುಂಬುವುದು) ಅಂದರೆ ಹೆಚ್ಚಿನ ಸಲ ಎರಡು ಮೂರು ಸಾರಿ ಕರೆಯುತ್ತಾರೆ, ಆಮೇಲೆ ಕ್ಯಾಪ್‌ಗೆ ಅಳತೆ ಕೊಡಬೇಕು, ಕ್ಯಾಪ್ ಕೂರಿಸಿಕೊಳ್ಳಬೇಕು, ಅದು ಕೂದಲೆಳೆಯಷ್ಟು ಎತ್ತರ ಆಗಿ ಕಚ್ಚುವಾಗ ತಾಗಿದರೆ ಮತ್ತೆ ಹೋಗಿ ಉಜ್ಜಿಸಿಕೊಳ್ಳಬೇಕು. ನಡುವೆ ಹಾಕಿದ ತಾತ್ಕಾಲಿಕ ಸಿಮೆಂಟ್ ಖಡಕ್ ರೊಟ್ಟಿ ಜೊತೆ ಕಿತ್ತು ಬಂದರೆ ಆವಾಗೇನು ಮಾಡ್ತೀರಿ? ಹಲ್ಲಿನ ಡಾಕ್ಟರ್ ಆಟೋದಲ್ಲಿ ಹೋಗಿ ಬರುವಷ್ಟು ಹತ್ತಿರ ಇರಬೇಕು.

ಡಾಕ್ಟರ್‌ಗಳಿಗೆ ಇಲ್ಲಿ ಬರ ಇಲ್ಲ. ಊರಲ್ಲೇ ಎರಡು ಡೆಂಟಲ್ ಕಾಲೇಜ್ ಇವೆ, ಸೇಡಂ ರಸ್ತೆಯ ನಿಜಲಿಂಗಪ್ಪ ಕಾಲೇಜು ಮತ್ತು ಅಲ್-ಬದರ್. ಬೀದರಿನಲ್ಲಿ ಎಸ್.ಬಿ. ಪಾಟೀಲ್ ಕಾಲೇಜು ಇದೆ. ಹೀಗಾಗಿ ನಮ್ಮ ಕಡೆ ದೊಡ್ಡ ರಸ್ತೆಗಳಲ್ಲಿ ಡೆಂಟಲ್ ಬೋರ್ಡ್‌ಗೇನೂ ಕೊರತೆಯಿಲ್ಲ. ಯಾರನ್ನ ನಂಬೋದು ಅನ್ನೋದೇ ತಲೆನೋವು.

ನನ್ನ ಕೆಳಗಿನ ದವಡೆ ಹಲ್ಲು ತಣ್ಣೀರು ತಾಗಿದರೆ ಜುಂ ಅನ್ನುತ್ತಿತ್ತು. ಮೊದಲು ಹೋದ ಕಡೆ ಎಸಿ, ಗಾಜಿನ ಬಾಗಿಲು, ಟಿವಿಯಲ್ಲಿ ನಗುವ ಹಲ್ಲುಗಳು. ಡಾಕ್ಟರ್ ಸಂತೆಯಲ್ಲಿ ಬದನೆಕಾಯಿ ತಿರುಗಿಸಿ ನೋಡಿದ ಹಾಗೆ ಬಾಯೊಳಗೆ ಒಮ್ಮೆ ಕಣ್ಣು ಹಾಯಿಸಿ, ಮೂರು ರೂಟ್ ಕೆನಾಲ್, ಮೂರು ಕ್ಯಾಪ್ ಅಂದುಬಿಟ್ಟರು. ನೋಯುತ್ತಿದ್ದದ್ದು ಒಂದು ಹಲ್ಲು! "ಎಕ್ಸ್‌ರೇ ತಗೀತೀರೇನ್ರಿ?" ಅಂದೆ. "ನೋಡಿದ್ರೇ ಗೊತ್ತಾಗ್ತದ" ಅಂದರು. ಹೊರಗೆ ಕೌಂಟರಿನ ಹುಡುಗ ಇವತ್ತೇ ಅಡ್ವಾನ್ಸ್ ಕಟ್ಟಿದರೆ ಡಿಸ್ಕೌಂಟ್ ಇದೆ ಅಂದ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಆಮೇಲೆ ನಮ್ಮ ಕಾಕಾ ಹೇಳಿದ ಒಬ್ಬ ಮೇಡಂ ಹತ್ತಿರ ಹೋದೆ. ಚಿಕ್ಕ ಕ್ಲಿನಿಕ್. ಅವರು ಕನ್ನಡಿಯ ಹಿಡಿಯಿಂದ ಒಂದೊಂದೇ ಹಲ್ಲು ತಟ್ಟಿ, ಎಲ್ಲಿ ನೋವು ಅಂತ ಕೇಳುತ್ತಾ ಹೋದರು. ಹತ್ತಿಗೆ ತಣ್ಣಗಿನದೇನೋ ಹಚ್ಚಿ ಹಲ್ಲಿಗೆ ಇಟ್ಟು, ತೆಗೆದ ಮೇಲೆ ಜುಮ್ಮೆನ್ನೋದು ಎಷ್ಟು ಹೊತ್ತು ಉಳಿಯುತ್ತೆ ಅಂತ ಕೇಳಿದರು. ಸಣ್ಣ ಎಕ್ಸ್‌ರೇ ತೆಗೆದು ಸ್ಕ್ರೀನನ್ನ ನನ್ನ ಕಡೆಗೇ ತಿರುಗಿಸಿದರು. ಎರಡು ಹಲ್ಲಿನ ನಡುವೆ ಕಪ್ಪು ನೆರಳಿನ ಹಾಗೆ ಹುಳುಕು ಕಂಡಿತು, ನರ ಅದಕ್ಕಿಂತ ದೂರ ಇತ್ತು. "ತಣ್ಣಗಿಂದು ತಗದ ಕೂಡ್ಲೇ ನೋವು ಹೋಗ್ತದಲ್ರಿ? ಅಂದ್ರ ನರ ಇನ್ನೂ ಛಲೋ ಅದ. ನೋವು ನಿಮಿಷಗಟ್ಟಲೆ ನಿಂತ್ರ, ರಾತ್ರಿ ನಿದ್ದಿ ಕೆಡಿಸಿದ್ರ, ಆವಾಗ ರೂಟ್ ಕೆನಾಲ್. ಈಗ ಸಿಮೆಂಟ್ ತುಂಬಿದ್ರ ಸಾಕ್ರಿ." ಪಕ್ಕದ ಹಲ್ಲುಗಳನ್ನ ಮುಟ್ಟಲೇ ಇಲ್ಲ. ತುಂಬಿದ ಮೇಲೂ ನೋವು ಜಾಸ್ತಿಯಾದರೆ ಮುಂದೆ ರೂಟ್ ಕೆನಾಲ್ ಬೇಕಾಗಬಹುದು ಅಂತಲೂ ಮೊದಲೇ ಹೇಳಿದರು. ನನಗೆ ನಂಬಿಕೆ ಬಂದದ್ದು ಆ ಮಾತಿಗೇ. ಗ್ಯಾರಂಟಿ ಅಂತ ಎದೆ ತಟ್ಟಿಕೊಳ್ಳುವವರಿಗಿಂತ ಹೀಗೆ ಹೇಳುವವರು ವಾಸಿ.

ನಮ್ಮ ಭಾಗದ ಹಲ್ಲಿನ ಡಾಕ್ಟರ್ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ. "ನಿಮ್ಮದು ಯಾವ ಊರು, ಸಣ್ಣವರಿದ್ದಾಗ ಯಾವ ನೀರು ಕುಡಿದಿರಿ?" ಯಾದಗಿರಿ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ, ಕಲಬುರಗಿ ಜಿಲ್ಲೆಯಲ್ಲೂ ಕೆಲವು ಕಡೆ, ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ನಡೆಯುತ್ತೆ ಅನ್ನೋದು ದೇಶದ ಗುಣಮಟ್ಟ ಗೊತ್ತುಮಾಡುವ ಬಿಐಎಸ್ ಸಂಸ್ಥೆಯ ಲೆಕ್ಕ. ಮಕ್ಕಳ ಹಲ್ಲು ಇನ್ನೂ ವಸಡಿನ ಒಳಗೆ ಬೆಳೆಯುವಾಗ ಇದಕ್ಕಿಂತ ಜಾಸ್ತಿ ಫ್ಲೋರೈಡ್ ಹೊಟ್ಟೆಗೆ ಹೋಗುತ್ತಲೇ ಇದ್ದರೆ ಹಲ್ಲಿನ ಮೇಲೆ ಬಿಳಿ ಗೆರೆ, ಹಳದಿ, ಕಂದು ಕಲೆ ಬರುತ್ತವೆ. ಆ ಕಲೆ ಹಲ್ಲಿನ ಗಟ್ಟಿ ಹೊರಪದರ ಎನಾಮಲ್ ಒಳಗೇ ಇರುತ್ತದೆ. ಎಷ್ಟು ಕ್ಲೀನಿಂಗ್ ಮಾಡಿಸಿದರೂ ಹೋಗಲ್ಲ.

ನನ್ನ ಹೆಂಡತಿ ತವರು ಯಾದಗಿರಿ ಕಡೆ. ಅವಳ ತಮ್ಮನಿಗೆ ಮದುವೆ ಗೊತ್ತಾದಾಗ ಒಂದು ಕ್ಲಿನಿಕ್‌ನವರು ಕ್ಲೀನಿಂಗ್ ಮಾಡಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತೆ ಅಂತ ದುಡ್ಡು ಕಟ್ಟಿಸಿಕೊಂಡರು. ಪಾಚಿ ಹೋಯಿತು, ಕಲೆ ಹಾಗೇ ಉಳಿಯಿತು. ನಮ್ಮ ಮೇಡಂ ಅವನನ್ನ ಕೂರಿಸಿ ಮೊದಲು ಕೇಳಿದ್ದೇ ಊರು, ನೀರು. ತೆಳು ಕಲೆಯಾದರೆ ಮೇಲ್ಪದರ ಸ್ವಲ್ಪ ಉಜ್ಜಿ ಕಡಿಮೆ ಮಾಡಬಹುದು, ಗಾಢವಾಗಿದ್ದರೆ ಮುಂದಿನ ಹಲ್ಲುಗಳಿಗೆ ಬಣ್ಣ ಹೊಂದುವ ಲೇಪ ಇಲ್ಲವೇ ವೆನೀರ್ ಅನ್ನೋ ತೆಳು ಹೊದಿಕೆ ಹಾಕಬೇಕು, ಖರ್ಚು ಇಷ್ಟು ಅಂತ ವಿವರಿಸಿ, "ಹುಡುಗಿಗೆ ಒಪ್ಪಿಗಿ ಅದ ಅಂದ್ಮ್ಯಾಲ ನಿಮಗ ಯಾಕ್ ಬೇಕ್ರಿ ಇದು" ಅಂತ ನಕ್ಕರು. ಹುಡುಗ ಸುಮ್ಮನೆ ಎದ್ದು ಬಂದ.

ಕಾಕಾನ ಹಲ್ಲು ಕೀಳುವಾಗಲೂ ಹಾಗೆಯೇ. ಶುಗರ್, ಬಿಪಿ ಕೇಳಿದರು, ದಿನಾ ತಗೊಳ್ಳುವ ಗುಳಿಗೆಗಳ ಚೀಟಿ ತರಿಸಿದರು. ರಕ್ತ ತೆಳುವಾಗೋ ಗುಳಿಗೆ ಇತ್ತು. ಹಾರ್ಟಿನ ಡಾಕ್ಟರ್‌ನ ಕೇಳದೆ ಅದನ್ನ ನೀವಾಗಿಯೇ ನಿಲ್ಲಿಸಬೇಡಿ ಅಂತ ಎರಡೆರಡು ಸಲ ಹೇಳಿ ಕಳಿಸಿದರು. ಗುಟ್ಕಾ ತಿನ್ನುವವರಿಗೆ ಬಾಯಿ ಎಷ್ಟು ತೆರೆಯುತ್ತೆ ಅಂತ ನೋಡುತ್ತಾರೆ, ಕೆನ್ನೆಯ ಒಳಗೆ ಬೆರಳಾಡಿಸಿ ಗಟ್ಟಿಯಾಗಿದೆಯಾ ಅಂತ ಪರೀಕ್ಷೆ ಮಾಡುತ್ತಾರೆ, ಬೈಯುತ್ತಾರೆ ಕೂಡ. ಈ ಊರಲ್ಲಿ ಹಲ್ಲಿನ ಡಾಕ್ಟರ್ ಗುಟ್ಕಾ ವಿಷಯ ಎತ್ತಲೇ ಇಲ್ಲ ಅಂದರೆ ಅವರು ಬಾಯಿ ಸರಿಯಾಗಿ ನೋಡಿಲ್ಲ ಅಂತಲೇ ನನ್ನ ಲೆಕ್ಕ.

ಉಳಿದದ್ದು ಸಣ್ಣಪುಟ್ಟದ್ದು, ಆದರೆ ನೋಡಿಕೊಳ್ಳಿ. ಸಾಮಾನು ಸೀಲ್ ಮಾಡಿದ ಪ್ಯಾಕೆಟ್‌ನಿಂದ ನಿಮ್ಮೆದುರೇ ತೆಗೆಯಬೇಕು. ಆಟೋಕ್ಲೇವ್ ಅಂದರೆ 121 ಡಿಗ್ರಿ ಅಥವಾ ಅದಕ್ಕೂ ಮೇಲಿನ ಬಿಸಿಯ ಹಬೆ, ಅದರಲ್ಲಿ ಇಟ್ಟು ತೆಗೆದ ಪ್ಯಾಕೆಟ್ ಮೇಲಿನ ಗುರುತಿನ ಬಣ್ಣ ಬದಲಾಗಿರುತ್ತೆ. ಬಿಸಿನೀರಲ್ಲಿ ಅದ್ದಿ ತೆಗೆದರೆ ಅದು ಸ್ಟೆರಿಲೈಸ್ ಅಲ್ಲ. ಕ್ಲಿನಿಕ್‌ನವರು ದರಪಟ್ಟಿ ಹಾಕಬೇಕು ಅಂತ ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳಿಗಾಗಿ ಮಾಡಿದ ರಾಜ್ಯದ 2007ರ ಕೆಪಿಎಂಇ ಕಾಯ್ದೆಯಲ್ಲೇ ಇದೆ, ಆದ್ದರಿಂದ ರೇಟ್ ಕೇಳೋಕೆ ನಾಚಿಕೆ ಬೇಡ. ಎಂಡಿಎಸ್ (ಬಿಡಿಎಸ್ ಆದಮೇಲೆ ಓದುವ ತಜ್ಞರ ಡಿಗ್ರಿ) ಅಂತ ಬೋರ್ಡ್ ಇದ್ದರೆ ಯಾವುದರಲ್ಲಿ ಎಂಡಿಎಸ್ ಅಂತ ಕೇಳಿ. ಹಲ್ಲು ನೇರ ಮಾಡುವ ತಜ್ಞರು ಬೇರೆ, ರೂಟ್ ಕೆನಾಲ್ ತಜ್ಞರು ಬೇರೆ. ಸುಲಭದ ರೂಟ್ ಕೆನಾಲ್ ಹಲ್ಲಿನ ಮೊದಲ ಡಿಗ್ರಿ ಬಿಡಿಎಸ್ ಅಷ್ಟೇ ಇರುವ ಒಳ್ಳೆ ಡಾಕ್ಟರ್ ಕೂಡ ಚೆನ್ನಾಗಿಯೇ ಮಾಡುತ್ತಾರೆ, ಅದರಲ್ಲಿ ಅನುಮಾನ ಇಲ್ಲ.

ದುಡ್ಡು ಕಡಿಮೆ, ಟೈಮ್ ಜಾಸ್ತಿ ಇದೆ ಅಂದರೆ ಕಾಲೇಜ್ ಆಸ್ಪತ್ರೆಗೇ ಹೋಗಿ. ಕಲಿಯುವ ಹುಡುಗರು ಕೈ ಹಾಕುತ್ತಾರೆ ಅಂತ ಜನ ಹೆದರುತ್ತಾರೆ. ನಮ್ಮ ಅವ್ವನ ಹಲ್ಲಿನ ಸೆಟ್ ಕಾಲೇಜಿನಲ್ಲೇ ಆದದ್ದು. ಅಳತೆ ತೆಗೆಯುತ್ತಿದ್ದ ಹುಡುಗಿಯ ಕೈ ಸ್ವಲ್ಪ ನಡುಗುತ್ತಿತ್ತು ನಿಜ, ಆದರೆ ಅವರ ಸರ್ ಬಂದು ನೋಡಿ ಸೈ ಅನ್ನುವ ತನಕ ಅವಳು ಮುಂದಿನ ಕೆಲಸಕ್ಕೆ ಹೋಗುತ್ತಿರಲಿಲ್ಲ. ಅರ್ಧ ದಿನ ಅಲ್ಲೇ ಹೋಗುತ್ತೆ, ರೊಟ್ಟಿ ಕಟ್ಟಿಕೊಂಡು ಹೋಗಿ. ಅವ್ವ ಈಗ ಆ ಸೆಟ್ ಹಾಕಿಕೊಂಡು ಶೇಂಗಾ ಹಿಂಡಿ ರೊಟ್ಟಿ ಆರಾಮಾಗಿ ತಿನ್ನುತ್ತಾಳೆ, ಶೇಂಗಾ ಚೂರು ಕೆಳಗೆ ಹೋಗಿ ಒತ್ತುತ್ತೆ ಅಂತ ಬೈದುಕೊಳ್ಳುತ್ತಲೇ.

ಮೇಡಂ ಕ್ಲಿನಿಕ್ ಯಾವುದು ಅಂತ ಗೊತ್ತಿರೋರೆಲ್ಲ ಕೇಳುತ್ತಾರೆ, ಹೇಳುತ್ತೇನೆ. ಆದರೆ ನಿಮ್ಮ ಎಕ್ಸ್‌ರೇಯ ಫೋಟೋ ಮೊಬೈಲಲ್ಲಿ ತೆಗೆದುಕೊಂಡು ಬನ್ನಿ, ಇನ್ನೊಬ್ಬರಿಗೆ ತೋರಿಸೋಕೆ ಬೇಕಾಗುತ್ತೆ. ಮತ್ತೆ ಮೊದಲೇ ಫೋನ್ ಮಾಡಿ ಹೋಗಿ, ಬೇಸಿಗೆಯಲ್ಲಿ ಈ ಊರಲ್ಲಿ ಎಲ್ಲರೂ ಬಿಸಿಲು ಇಳಿದ ಮೇಲೇ ಮನೆಯಿಂದ ಹೊರಡೋದು, ಸಂಜೆ ಅಲ್ಲಿ ಕೂರೋಕೆ ಜಾಗ ಇರಲ್ಲ.